ಮೆಟ್ರೊ, ಬಸ್ಸು, ಶೇರ್ ವ್ಯಾನು, ಸೈಕಲ್ಲು: ಒಂದೇ ದಾರಿಯಲ್ಲಿ ನಾಲ್ಕು ವಾರ

ಕಚೇರಿಗಳ ನೆಲ ಒರೆಸುವವರು ಏಳು ಗಂಟೆಯೊಳಗೆ ಹಾಜರಿರಬೇಕು. ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಊರಂಚಿನ ಬಡಾವಣೆಯಿಂದ ನಗರದ ನಡುವಿಗೆ ಹದಿನಾಲ್ಕು ಕಿಲೋಮೀಟರ್. ಅವರು ಹೊರಡುವ ಹೊತ್ತಿಗೇ ಹೊರಟು, ವಾರಕ್ಕೊಂದು ವಾಹನದಂತೆ ನಾಲ್ಕು ವಾರ ಓಡಾಡಿದೆ. ಏಳಕ್ಕೆ ಮುಂಚೆ ತಲುಪಿದೆನೇ ಎಂಬುದೊಂದೇ ನನ್ನ ಅಳತೆಗೋಲು.

ಮೆಟ್ರೊ ಪ್ರಯಾಣ ಇಪ್ಪತ್ತೆರಡೇ ನಿಮಿಷ. ಆದರೆ ಮನೆಯಿಂದ ನಿಲ್ದಾಣಕ್ಕೆ ಮೂವತ್ತೈದು ನಿಮಿಷ ನಡಿಗೆ, ಇಳಿದ ಮೇಲೆ ಮತ್ತೆ ಹದಿನೈದು. ನಡಿಗೆ ತಪ್ಪಿಸಲು ಬಸ್ಸು ಹತ್ತಿದರೆ ಅದಕ್ಕೆ ಬೇರೆ ಟಿಕೆಟ್. ಇಷ್ಟಾದರೂ ಮೊದಲ ರೈಲು ಬರುವುದೇ ತಡ: ಆರು ದಿನದಲ್ಲಿ ಒಂದು ದಿನವೂ ಏಳರೊಳಗೆ ತಲುಪಲಿಲ್ಲ.

ಬಸ್ಸು ನಾಲ್ಕು ದಿನ ತಲುಪಿಸಿತು. ಒಂದು ದಿನ ಐದು ನಿಮಿಷಕ್ಕೆ ಬಂದದ್ದು, ಮರುದಿನ ಐವತ್ತು ನಿಮಿಷ ಕಾಯಿಸಿತು. ತಿಂಗಳ ಪಾಸ್ ಮಾಡಿಸಿದರೆ ದುಡ್ಡು ಕೊಟ್ಟು ಹತ್ತುವ ವಾಹನಗಳಲ್ಲೆಲ್ಲ ಅಗ್ಗ ನಿಜ, ಆದರೆ ದಿನಗೂಲಿಯವರ ಕೈಗೆ ತಿಂಗಳ ಹಣ ಒಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ಅವರು ದಿನವೂ ಬಿಡಿ ಟಿಕೆಟ್ ಕೊಂಡು, ಪಾಸಿನವರಿಗಿಂತ ಹೆಚ್ಚು ತೆರುತ್ತಾರೆ. ನನಗೆ ತುಂಬ ನೋವಾದದ್ದು ಇದೇ. ವಾರದ ಪಾಸ್ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಶೇರ್ ವ್ಯಾನಿಗೆ ವೇಳಾಪಟ್ಟಿ ಇಲ್ಲ, ತುಂಬಿದರೆ ಹೊರಡುತ್ತದೆ. ಚಾಲಕ ಎಂಜಿನ್ ಮೊರೆಸಿ ಗಾಡಿಯನ್ನು ನಾಲ್ಕು ಗೇಣು ಮುಂದೆ ಸರಿಸುತ್ತಾನೆ; ಹೊರಟೇಬಿಟ್ಟಿತೆಂದು ಇಬ್ಬರು ಓಡಿಬಂದು ಹತ್ತುತ್ತಾರೆ; ಗಾಡಿ ಮತ್ತೆ ಹಿಂದಕ್ಕೆ. ಒಂಬತ್ತು ಜನರ ಜಾಗದಲ್ಲಿ ಹದಿನಾಲ್ಕು ಮಂದಿ. ನನ್ನ ಪಕ್ಕದ ಹೆಂಗಸು ಮಡಿಲಿನಲ್ಲಿ ಬಕೆಟ್, ಬಕೆಟ್ಟಿನೊಳಗೆ ಚಪ್ಪಲಿ ಇಟ್ಟುಕೊಂಡು, ಮುಷ್ಟಿಯಲ್ಲಿದ್ದ ಚಿಲ್ಲರೆಯನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ಬೆವರಿಗೆ ನಾಣ್ಯಗಳು ಅಂಗೈಗೆ ಅಂಟಿದ್ದವು. ಅಪಾಯ ಕಣ್ಣಿಗೆ ಕಾಣುತ್ತದೆ, ಮಳೆ ಬಂದರೆ ದರವೂ ಏರುತ್ತದೆ. ಆದರೂ ಐದು ದಿನ ಹೊತ್ತಿಗೆ ಸರಿಯಾಗಿ ತಲುಪಿದೆ. ಕೈ ಬೀಸಿದಲ್ಲಿ ನಿಲ್ಲುತ್ತದೆ, ಬಸ್ಸು ನುಗ್ಗದ ಗಲ್ಲಿಗೂ ಬರುತ್ತದೆ. ಇದನ್ನು ರಸ್ತೆಯ ಪಿಡುಗು ಎನ್ನುವವರು ರಾತ್ರಿ ಹತ್ತಕ್ಕೆ ಊರಂಚಿಗೆ ಹಿಂದಿರುಗಿ ನೋಡಬೇಕು.

ಸೈಕಲ್ಲಿನಲ್ಲಿ ಆರಕ್ಕೆ ಆರೂ ದಿನ ತಲುಪಿದೆ, ಅದೂ ಖರ್ಚಿಲ್ಲದೆ. ಆದರೆ ಮೇಲ್ಸೇತುವೆಯ ಮೇಲೆ ಲಾರಿಗಳು ಮೊಣಕೈ ಸವರಿಕೊಂಡು ಹೋಗುತ್ತಿದ್ದವು. ಪ್ರತ್ಯೇಕ ಪಥವಿಲ್ಲದೆ ಇದನ್ನು ಇನ್ನೊಬ್ಬರಿಗೆ ಹೇಳಲು ನನಗೆ ಧೈರ್ಯವಿಲ್ಲ.

ಇಂದಿನ ಸ್ಥಿತಿಯಲ್ಲಿ ಬೆಳಗಿಗೂ ರಾತ್ರಿಗೂ ವ್ಯಾನನ್ನೇ ಆರಿಸುತ್ತೇನೆ. ಆದರೆ ಗೆಲ್ಲಬೇಕಾದದ್ದು ಬಸ್ಸು. ಬ್ರೆಜಿಲಿನ ಕುರಿಟಿಬಾ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ಪಥ ಬಿಟ್ಟುಕೊಟ್ಟಿತು. ಕೊಲಂಬಿಯಾದ ಬೊಗೊಟಾದಲ್ಲಿ 2000ದ ಡಿಸೆಂಬರಿನಲ್ಲಿ ಟ್ರಾನ್ಸ್‌ಮಿಲೇನಿಯೊ ಎಂಬ ಪ್ರತ್ಯೇಕ ಪಥದ ಬಸ್ಸು ಸೇವೆ ಶುರುವಾದಾಗ ಹೊರವಲಯದ ಪೂರಕ ಬಸ್ಸುಗಳಿಗೆ ಬೇರೆ ಟಿಕೆಟ್ ಇರಲಿಲ್ಲ. ಅದೇ ದೇಶದ ಮೆಡೆಯೀನ್ ನಗರ 2004ರಲ್ಲಿ ಬೆಟ್ಟದ ಬಡ ಬಡಾವಣೆಗೆ ಕೇಬಲ್ ಕಾರು ಹಾಕಿ, ಅದನ್ನು ಮೆಟ್ರೊ ಟಿಕೆಟ್ಟಿಗೇ ಸೇರಿಸಿತು.

ನನ್ನ ದಾರಿಯಲ್ಲಿ ಮಾತ್ರ ಆ ಬಕೆಟ್ಟಿನ ಹೆಂಗಸು ಎರಡನೇ ಟಿಕೆಟ್ ಉಳಿಸಲು ವ್ಯಾನು ಇಳಿದಲ್ಲಿಂದ ಇನ್ನೂ ಎರಡು ಕಿಲೋಮೀಟರ್ ನಡೆಯುತ್ತಾರೆ. ಚಪ್ಪಲಿ ಬಕೆಟ್ಟಿನಿಂದ ಹೊರಬರುವುದು ಆಗಲೇ.