ಹಿತ್ತಿಲಿನ ಗಿಡಕ್ಕೆ ಹೆಸರು ಹುಡುಕಲು ಪ್ಲಾಂಟ್‌ನೆಟ್

ಒಂದು ಲೋಡು ಕೊಟ್ಟಿಗೆ ಗೊಬ್ಬರ ಹಾಕಿಸಿ ನೋಡಿ. ಮೊದಲ ಮಳೆಗೇ ನೀವು ಬಿತ್ತದ ಗಿಡಗಳೆಲ್ಲ ಎದ್ದು ನಿಲ್ಲುತ್ತವೆ. ಹಾಸನದ ನಮ್ಮ ಹಿತ್ತಿಲಲ್ಲಿ ಈ ಸಲ ಬಂದವುಗಳಲ್ಲಿ ತುಂಬೆ, ಉತ್ತರಾಣಿ, ಕಾಂಗ್ರೆಸ್ ಗಿಡ ನನಗೇ ಗೊತ್ತು. ಉಳಿದವನ್ನು ಕೀಳೋದೋ ಬಿಡೋದೋ? ಅದಕ್ಕೇ ಪ್ಲಾಂಟ್‌ನೆಟ್ ಆ್ಯಪ್ ಹಾಕಿಕೊಂಡೆ.

ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ ಮಾಡಿದ್ದು ಇದು. 2013ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಇದಕ್ಕೆ ಮೊದಲು ಇನ್ನೊಂದು ಆ್ಯಪ್ ಇತ್ತು, ಹೆಸರು ಬೇಡ ಬಿಡಿ. ಕ್ಯಾಮೆರಾ ತೆರೆಯೋ ಮೊದಲೇ ವರ್ಷದ ಚಂದಾ ಕಟ್ಟಿ ಅಂತ ಅಡ್ಡ ನಿಲ್ಲುತ್ತಿತ್ತು.

ಇದರಲ್ಲಿ ಫೋಟೋ ಎಲೆಯದ್ದೋ, ಹೂವಿನದ್ದೋ, ಹಣ್ಣಿನದ್ದೋ, ತೊಗಟೆಯದ್ದೋ ಅಂತ ಆರಿಸಬಹುದು. ಒಂದೇ ಗಿಡದ ಬೇರೆ ಬೇರೆ ಫೋಟೋ ಒಟ್ಟಿಗೆ ಕೊಡಬಹುದು. ಉತ್ತರವಾಗಿ ಒಂದು ಪಟ್ಟಿ ಬರುತ್ತದೆ. ಪ್ರತಿ ಹೆಸರಿಗೂ ಎಷ್ಟು ಪರ್ಸೆಂಟ್ ಹೊಂದಿಕೆ ಅಂತ ಅಂಕಿ, ಜೊತೆಗೆ ಬೇರೆಯವರು ತೆಗೆದ ಫೋಟೋಗಳು. ನನಗೆ ಅಂಕಿಗಿಂತ ಆ ಫೋಟೋಗಳೇ ಜಾಸ್ತಿ ಉಪಯೋಗಕ್ಕೆ ಬಂದವು.

ಕೊತ್ತಂಬರಿ ಪಾತಿಯಲ್ಲಿ ನೆಲನೆಲ್ಲಿ ಥರದ್ದೊಂದು ಎದ್ದಿತ್ತು. ಪಟ್ಟಿಯ ಮೇಲ್ಗಡೆ ಎರಡು ಹೆಸರು: ಫಿಲಾಂಥಸ್ ಅಮಾರಸ್, ಫಿಲಾಂಥಸ್ ಯೂರಿನೇರಿಯಾ. ಫೋಟೋ ಪಕ್ಕಕ್ಕಿಟ್ಟುಕೊಂಡು ಕಡ್ಡಿಯನ್ನು ಮಗುಚಿ ನೋಡಿದೆ. ಸಾಸಿವೆಗಿಂತ ಚೂರು ದೊಡ್ಡ ಕಾಯಿಗಳು ಸಾಲಾಗಿ ಇದ್ದವು. ಕಾಯಿ ನುಣ್ಣಗಿದ್ದು ಪುಟ್ಟ ತೊಟ್ಟಿನಲ್ಲಿ ನೇತಾಡಿದರೆ ಅಮಾರಸ್. ತೊಟ್ಟೇ ಇಲ್ಲದಂತೆ ಕಡ್ಡಿಗೆ ಅಂಟಿಕೊಂಡು, ಮೈಯೆಲ್ಲ ತರಿತರಿ ಇದ್ದರೆ ಯೂರಿನೇರಿಯಾ, ಅಂದರೆ ಕೆಂಪು ನೆಲನೆಲ್ಲಿ. ನಮ್ಮದು ತರಿತರಿಯದ್ದು, ಕಾಂಡವೂ ಕೆಂಪಗಿತ್ತು. ಹೀಗೆ ಸಿಕ್ಕ ಹೆಸರನ್ನು ಬೆಂಗಳೂರಿನ ಐಐಎಸ್‌ಸಿಯವರ ಕರ್ನಾಟಕದ ಸಸ್ಯಗಳ ವೆಬ್‌ಸೈಟಿನಲ್ಲೂ ಒಮ್ಮೆ ಹಾಕಿ ನೋಡುತ್ತೇನೆ.

ಬದನೆ ಸಾಲಿನ ತುದಿಯಲ್ಲಿ ಇನ್ನೊಂದು ಅಗಲ ಎಲೆಯ ಗಿಡ. ನಮ್ಮ ಯಜಮಾನರು ಅದೂ ಬದನೇನೇ ಅಂತ ದಿನಾ ನೀರು ಹಾಕುತ್ತಿದ್ದರು. ಅತ್ತೆ ಎಲೆ ಹೊಸಕಿ ಮೂಸಿದವರೇ "ಉಮ್ಮತ್ತಿ ಕಣೋ ಇದು, ಕಿತ್ತಾಕು" ಅಂದರು. ಇವರು ಕೇಳಬೇಕಲ್ಲ. ಉದ್ದನೆಯ ಬಿಳಿ ಹೂ ಬಿಟ್ಟಾಗ ಫೋಟೋ ತೆಗೆದರು, ಆ್ಯಪ್ ಕೂಡ ದತೂರ ಅಂತಲೇ ಹೇಳಿತು. ಬದನೆಯ ಕುಟುಂಬದ್ದೇ, ಆದರೆ ಬೇರಿಂದ ಬೀಜದವರೆಗೆ ಎಲ್ಲವೂ ವಿಷ. ಕೈಗೆ ಗ್ಲೌಸ್ ಹಾಕಿಕೊಂಡು ಕಿತ್ತದ್ದೂ ಅವರೇ. ಅತ್ತೆ ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ.

ಸೊಪ್ಪಿನ ವಿಷಯದಲ್ಲಿ ಮಾತ್ರ ನಾನು ಯಾವ ಆ್ಯಪನ್ನೂ ನಂಬಿ ಸಾರು ಮಾಡುವುದಿಲ್ಲ. ತೊಂಬತ್ತು ಪರ್ಸೆಂಟ್ ತೋರಿಸಿದರೂ ಸರಿ. ಗಣಿಕೆ, ಕೊಮ್ಮೆ, ಹೊನಗೊನ್ನೆ ಇದ್ದರೆ ಅತ್ತೆಯ ಕೈಗೆ ಹೋಗಿ ಬಂದ ಮೇಲೇ ಒಲೆಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಎರಡೆಲೆ ಸಸಿಯ ಫೋಟೋ ಹಾಕಿ ಉತ್ತರ ಕಾಯಬೇಡಿ, ಹೂವೋ ಕಾಯೋ ಬರಲಿ. ಹುಲ್ಲಿನ ಜಾತಿಗಂತೂ ತೆನೆ ಬೇಕೇ ಬೇಕು. ಫೋಟೋ ತೆಗೆಯುವಾಗ ಗಿಡದ ಹಿಂದೆ ಅಂಗೈ ಇಟ್ಟುಕೊಳ್ಳಿ, ಸುತ್ತಲಿನ ಕಳೆ ಮರೆಯಾಗುತ್ತದೆ. ಉಮ್ಮತ್ತಿಯ ಅನುಮಾನ ಇದ್ದರೆ ಅಂಗೈ ಬದಲು ಬಿಳಿ ಹಾಳೆ ಇಡಿ.