ಪಾಳಿಯೋ, ಖಾತೆ ಹಂಚಿಕೆಯೋ?

ಬೆಂಗಳೂರಿನಲ್ಲಿ ನಾಲ್ವರು ಹುಡುಗರು ಸೇರಿ ಎರಡು ಬೆಡ್‌ರೂಮಿನ ಮನೆ ಹಿಡಿದರೆ ಮೊದಲ ವಾರ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ. ಎರಡನೇ ವಾರ ಸಿಂಕು ತುಂಬುತ್ತದೆ. ಆಮೇಲೆ ಉಳಿಯುವುದು ಮೂರೇ ದಾರಿ: ದಿನಕ್ಕೊಬ್ಬರ ಪಾಳಿ, ಮಂತ್ರಿಗಳ ಹಾಗೆ ಖಾತೆ ಹಂಚಿಕೆ, ಇಲ್ಲವೇ ಕೆಲಸದವರು. ಮೂರನ್ನೂ ನಡೆಸಿ ನೋಡಿದ ಮೇಲಿನ ಮಾತಿದು.

ಪಾಳಿಯ ಲೆಕ್ಕವೇನೋ ಸುಲಭ. ಏಳು ದಿನ ನಾಲ್ವರಿಗೆ ಹಂಚಿದರೆ ಮೂವರಿಗೆ ಎರಡೆರಡು ದಿನ, ಒಬ್ಬನಿಗೆ ಒಂದೇ. ಆ ಒಂದು ದಿನ ಭಾನುವಾರವಾಗಿರಲಿ. ಮೂರು ಹೊತ್ತಿನ ಅಡುಗೆ, ಚಿಕನ್ ಸಾರಿನ ಜಿಡ್ಡು ಪಾತ್ರೆ, ಬಂದುಹೋಗುವವರ ಕಾಫಿ ಲೋಟ ಸೇರಿ ಸರಿಹೋಗುತ್ತದೆ. ಪಾಳಿ ಕೆಡುವುದು ಒಂದೇ ದಿನದಲ್ಲಿ ಮುಗಿಯದ ಕೆಲಸಗಳಿಂದ. ದೋಸೆ ಹಿಟ್ಟನ್ನೇ ನೋಡಿ. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಬೆಳಿಗ್ಗೆ ನೆನೆಹಾಕಿ, ಸಂಜೆ ರುಬ್ಬಿ, ರಾತ್ರಿಯಿಡೀ ಹುದುಗಲು ಬಿಡಬೇಕು. ದುಡಿದವನು ಸೋಮವಾರದವನು, ಹುಯ್ದು ಹೆಸರು ತಗೊಳ್ಳುವವನು ಮಂಗಳವಾರದವನು. ರಾತ್ರಿ ಉಕ್ಕಿ ಕಟ್ಟೆಯ ಮೇಲೆ ಹರಿದ ಹಿಟ್ಟನ್ನು ಒರೆಸುವವರು ಯಾರು? ನೀರು ಹಾಕದೆ ಬಿಟ್ಟ ಕುಕ್ಕರಿನ ಕಥೆಯೂ ಇಷ್ಟೇ: ಬೆಳಿಗ್ಗೆಗೆ ಅನ್ನ ಒಣಗಿ ಕಲ್ಲಾಗಿರುತ್ತದೆ, ತಿಕ್ಕುವ ಕರ್ಮ ಮುಂದಿನವನದು.

ಖಾತೆ ಹಂಚಿದರೆ ಈ ತಕರಾರು ಹುಟ್ಟುವುದೇ ಇಲ್ಲ. ಒಬ್ಬನಿಗೆ ಅಡುಗೆ, ದಿನಸಿ, ಒಬ್ಬನಿಗೆ ಪಾತ್ರೆ, ಇನ್ನೊಬ್ಬನಿಗೆ ಗುಡಿಸಿ ಒರೆಸುವುದು, ಕಸ, ನಾಲ್ಕನೆಯವನಿಗೆ ಬಾತ್‌ರೂಮು, ನೀರಿನ ಕ್ಯಾನು, ಸಂಪಿನ ಮೋಟರು, ಬಿಲ್ಲುಗಳು. ಬೇಳೆ ಮುಗಿದದ್ದು ಅಡುಗೆಯವನಿಗೇ ಮೊದಲು ಗೊತ್ತಾಗುತ್ತದೆ. ಕಸದ ಖಾತೆಯಂತೂ ಒಬ್ಬನ ಕೈಯಲ್ಲೇ ಇರಬೇಕು. ಹಸಿ, ಒಣ, ಸ್ಯಾನಿಟರಿ ಮೂರೂ ಬೇರೆ ಬೇರೆ. ಹಸಿ ಕಸದ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಬೇಡ, ತಳಕ್ಕೆ ಹಳೇ ಪೇಪರ್ ಸಾಕು. ಬೆರೆಸಿ ಕೊಟ್ಟರೆ ಗಾಡಿಯವರು ಬೈದು ವಾಪಸ್ ಕೊಡುತ್ತಾರೆ, ಸರಿಯಾಗಿಯೇ. ಬಾತ್‌ರೂಮಿನವನು ಒಂದು ಪಾಠ ಕಲಿತಿರಲಿ: ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಉದುರಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ದೋಷವೂ ಇದೆ. ಅಡುಗೆಯ ಹೊರೆ ದಿನವೂ ಇರುತ್ತದೆ, ಬಾತ್‌ರೂಮು ವಾರಕ್ಕೊಮ್ಮೆ. ಹಾಗಾಗಿ ತಿಂಗಳಿಗೊಮ್ಮೆ ಖಾತೆ ಬದಲಾಗಲೇಬೇಕು. ವಾರಕ್ಕೊಮ್ಮೆ ಬೇಡ, ಉಪ್ಪಿನ ಹದ ಸಿಗುವಷ್ಟರಲ್ಲಿ ಅಡುಗೆಯವನು ಬದಲಾಗಿರುತ್ತಾನೆ. ಯಾರಾದರೂ ಊರಿಗೆ ಹೋದರೆ ಅವನ ಖಾತೆ ನಾಲ್ಕನೆಯವನಿಗೆ. ಅವನೇ ಹೋದರೆ ಬಾತ್‌ರೂಮು ಒಂದು ವಾರ ಕಾಯಲಿ.

ಕೆಲಸದವರನ್ನು ಇಟ್ಟುಕೊಂಡರೆ ಪಾತ್ರೆ, ನೆಲದ ಚಿಂತೆ ತಪ್ಪುತ್ತದೆ, ಅಷ್ಟೇ. ಬಾತ್‌ರೂಮಿನದು ಬೇರೆ ಮಾತು, ಬೇರೆ ದುಡ್ಡು. ಅವರು ಬರುವ ಹೊತ್ತಿಗೆ ಬಾಗಿಲು ತೆಗೆಯಲು ಒಬ್ಬ ಮನೆಯಲ್ಲಿರಬೇಕು. ಸಿಲಿಂಡರ್ ಬುಕ್ ಮಾಡುವುದು, ದಿನಸಿ ತರುವುದು ಎಲ್ಲ ಹಾಗೇ ಉಳಿಯುತ್ತವೆ. ರಜೆ ಎಂದೆಂದು ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ನಮ್ಮ ಓಟು ಖಾತೆ ಹಂಚಿಕೆಗೆ. ಪಾತ್ರೆ ಒಂದನ್ನು ಬೇಕಾದರೆ ಪಾಳಿಗೆ ಬಿಡಿ, ಅದೂ ಎರಡು ಷರತ್ತಿನ ಮೇಲೆ: ಉಂಡ ತಟ್ಟೆ, ಕುಡಿದ ಲೋಟ ಅವರವರೇ ತೊಳೆಯಬೇಕು, ಪಾಳಿ ಬದಲಾಗುವುದು ರಾತ್ರಿಯ ಮುಸುರೆ ಮುಗಿದು ಸಿಂಕಿನ ಜಾಲರಿ ಖಾಲಿಯಾದ ಮೇಲೆ, ಗಡಿಯಾರ ಹನ್ನೆರಡು ಹೊಡೆದಾಗಲ್ಲ.