ಬುಲ್ಗೋಗಿಗೆ ಯಾವುದು ಹಾಕಲಿ? ನಾಲ್ಕು ಬಟ್ಟಲಿನ ಕಥೆ

ಕೊರಿಯಾದ ಸುಗ್ಗಿ ಹಬ್ಬ ಚುಸೊಕ್‌ಗೆ ಆಫೀಸಿನಿಂದ ಒಂದು ಪೆಟ್ಟಿಗೆ ಕೊರಿಯನ್ ಪೇರ್ ಬಂತು. ನಮ್ಮ ಪೇರಳೆ ಅಲ್ಲ, ಇದು ಬೇರೆ. ಕಂದು ಸಿಪ್ಪೆ, ಒಳಗೆ ಕಬ್ಬಿನಷ್ಟು ರಸ, ಒಂದೊಂದೂ ಎರಡು ಮುಷ್ಟಿ ಗಾತ್ರ. ದಕ್ಷಿಣ ಕೊರಿಯಾದ ಸುವೊನ್ ಊರಿನ ಈ ಪುಟ್ಟ ಮನೆಯಲ್ಲಿ ಇರುವುದು ನಾವಿಬ್ಬರೇ. ಎಷ್ಟು ಅಂತ ಹೆಚ್ಚಿಕೊಂಡು ತಿನ್ನೋದು? ಅದಕ್ಕೇ ಬುಲ್ಗೋಗಿ ಮಾಡೋಣ ಅನ್ನಿಸಿತು. ಬುಲ್ ಅಂದರೆ ಬೆಂಕಿ, ಗೋಗಿ ಅಂದರೆ ಮಾಂಸ; ಮಸಾಲೆಯಲ್ಲಿ ನೆನೆಸಿ ಹುರಿಯುವ ಮಾಂಸ. ಮಾಂಸ ನೆನೆಸುವ ಮಸಾಲೆಗೆ ಇಲ್ಲಿನವರು ಪೇರ್ ತುರಿದು ಹಾಕುತ್ತಾರೆ. ಕೆಲವರು ಕಿವಿ ಹಣ್ಣು ಹಾಕುತ್ತಾರೆ. ಇನ್ನು ಕೆಲವರಿಗೆ ಈರುಳ್ಳಿ ಸಾಕು. ಆತುರದವರಿಗೆ ಅಂಗಡಿಯ ಬಾಟಲಿ ಸಾಸ್ ಇದ್ದೇ ಇದೆ. ಯಾವುದು ಮೇಲು ಅಂತ ಒಂದೇ ಸಲ ನಾಲ್ಕನ್ನೂ ನೋಡಿಬಿಟ್ಟೆ.

ಇಲ್ಲಿ ಮಾಂಸದ ಲೆಕ್ಕಕ್ಕೆ 'ಗುನ್' ಎಂಬ ಹಳೇ ಅಳತೆ ಇನ್ನೂ ಉಳಿದಿದೆ. ಒಂದು ಗುನ್ ಅಂದರೆ 600 ಗ್ರಾಂ. ಬುಲ್ಗೋಗಿಗೆ ಅಂತಲೇ ಕಾಗದದಷ್ಟು ತೆಳ್ಳಗೆ ಕೊಯ್ದ ಬೀಫ್ ಸಿಗುತ್ತದೆ. ಇಲ್ಲಿನ ತಳಿಯ ಹನ್ವು ಬೀಫ್ ದುಬಾರಿ, ಪ್ರಯೋಗಕ್ಕೆ ಆಸ್ಟ್ರೇಲಿಯಾದ್ದೇ ಸಾಕು ಅಂದುಕೊಂಡೆ. ಒಂದು ಗುನ್ ತಂದು, ಟಿಶ್ಯೂ ಕಾಗದದಲ್ಲಿ ಒತ್ತಿ ರಕ್ತದ ನೀರು ತೆಗೆದು, 150 ಗ್ರಾಂನಂತೆ ನಾಲ್ಕು ಬಟ್ಟಲಿಗೆ ಹಂಚಿದೆ.

100 ಗ್ರಾಂ ಮಾಂಸಕ್ಕೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಅದರ ಅರ್ಧ ಸಕ್ಕರೆ. ಈ ಲೆಕ್ಕ ನನಗೆ ಯಾವತ್ತೂ ಕೈಕೊಟ್ಟಿಲ್ಲ. ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಕಾಳುಮೆಣಸು. ಎಳ್ಳೆಣ್ಣೆ ಮಾತ್ರ ಕೊನೆಗೆ. ಮೊದಲೇ ಎಣ್ಣೆ ಸವರಿದರೆ ಮಸಾಲೆ ಹಿಡಿಯುವುದಿಲ್ಲ ಅಂತ ಇಲ್ಲಿನವರ ಮಾತು. ಸೋಯಾದಲ್ಲೂ ಬೇರೆ ಬೇರೆ ಬಗೆ ಇವೆ, ಹುಷಾರು. ಬೇಕಾದ್ದು ಜಿನ್-ಗಂಜಾಂಗ್. ಬಂದ ಹೊಸದರಲ್ಲಿ ಗೊತ್ತಿಲ್ಲದೆ ಸೂಪಿಗೆ ಹಾಕುವ ಗುಕ್-ಗಂಜಾಂಗ್ ಸುರಿದಿದ್ದೆ. ಅದರಲ್ಲಿ ಉಪ್ಪು ಜಾಸ್ತಿ. ಆ ದಿನ ನಾವು ತಿಂದದ್ದು ಬರೀ ಅನ್ನ.

ಪ್ರತಿ ಬಟ್ಟಲಿನ ಅರ್ಧವನ್ನು ಒಂದು ಗಂಟೆ ಬಿಟ್ಟು ಹುರಿದೆ. ಉಳಿದರ್ಧ ರಾತ್ರಿಯಿಡೀ ಫ್ರಿಜ್‌ನಲ್ಲಿತ್ತು.

ಒಂದು ಗಂಟೆಗೆ ಮೆತ್ತಗಾಗುವುದರಲ್ಲಿ ಗೆದ್ದದ್ದು ಕಿವಿ. ಬಾಯಲ್ಲಿಟ್ಟರೆ ಕರಗುವ ಹಾಗೆ. ಅದರಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಒಡೆಯುತ್ತದೆ. ನಮ್ಮಲ್ಲಿ ಮಟನ್‌ಗೆ ಹಸಿ ಪಪ್ಪಾಯಿ ಹಚ್ಚುತ್ತಾರಲ್ಲ, ಅದೇ ಕೆಲಸ. ಆದರೆ ಬೆಳಗ್ಗೆ ಮುಚ್ಚಳ ತೆಗೆದಾಗ ಬಟ್ಟಲಲ್ಲಿ ಮಾಂಸವೇ ಇರಲಿಲ್ಲ, ಮುದ್ದೆ ಇತ್ತು! ಹಾಕಿದ್ದು ಬರೀ ಒಂದು ಸಣ್ಣ ಚಮಚ.

ಪೇರ್ ಅಷ್ಟು ಜೋರಿಲ್ಲ. ಎರಡು ದೊಡ್ಡ ಚಮಚ ತುರಿ ಹಾಕಿ, ಸಕ್ಕರೆ ಸ್ವಲ್ಪ ಇಳಿಸಿದ್ದೆ. ಗಂಟೆ ಬಿಟ್ಟು ತಿಂದಾಗ ಇಷ್ಟೇನಾ ಅನ್ನಿಸಿತು. ಬೆಳಗ್ಗೆ ಮಾತ್ರ ಅದರ ಸಿಹಿ ಒಳಗಿಳಿದು, ಸೋಯಾದ ಚುರುಕು ತಗ್ಗಿ, ಎಲ್ಲ ಹದವಾಗಿತ್ತು. ಎರಡನೇ ದಿನ ತಿನ್ನಬೇಕಾದ ಬುಲ್ಗೋಗಿ ಇದು.

ಈರುಳ್ಳಿ ಬಟ್ಟಲಿನ ಮೇಲೆ ನನಗೆ ಭರವಸೆಯೇ ಇರಲಿಲ್ಲ. ರುಬ್ಬಿದ ಈರುಳ್ಳಿ, ಅಷ್ಟೇ. ಆದರೂ ಕಿವಿಗಿಂತ ರುಚಿ! ಆಗ ಹೊಳೆಯಿತು: ಮಾಂಸ ಇಷ್ಟು ತೆಳ್ಳಗಿದ್ದ ಮೇಲೆ ಅದನ್ನು ಮೆತ್ತಗೆ ಮಾಡುವ ಕೆಲಸ ಚಾಕುವೇ ಮುಗಿಸಿರುತ್ತದೆ. ಹಣ್ಣು ಬೇಕಿರುವುದು ರುಚಿಗೆ. ದಪ್ಪ ತುಂಡು, ಗಟ್ಟಿ ಭಾಗ ಸಿಕ್ಕಿದರೆ ಕಿವಿ ಹಾಕಿ, ಅರ್ಧ ಗಂಟೆಯಲ್ಲಿ ಒಲೆಗೆ ಏರಿಸಿ. ತೆಳ್ಳಗಿನದಕ್ಕೆ ಬೇಡವೇ ಬೇಡ.

ಬಾಟಲಿ ಸಾಸ್ ಬಗ್ಗೆ ಏನು ಹೇಳೋದು, ಸಿಹಿ. ಬಾಣಲೆಗೆ ಬಿದ್ದೊಡನೆ ತಳ ಹಿಡಿಯಿತು. ಆದರೂ ತಡರಾತ್ರಿ ಆಫೀಸಿನಿಂದ ಬಂದ ದಿನ ನಾನೂ ಅದನ್ನೇ ತೆಗೆಯುತ್ತೇನೆ, ಸುಳ್ಳು ಯಾಕೆ ಹೇಳಲಿ?

ಒಲೆಯ ಮೇಲೆ ಹೆಚ್ಚು ಪ್ರಯೋಗ ಮಾಡಲಿಲ್ಲ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು, ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ರಾಜಧಾನಿ ಸಿಯೋಲ್‌ನ ಶೈಲಿಯಲ್ಲಿ ಆ ನೀರೇ ಬೇಕು ಅನ್ನಿ: ನಡುವೆ ಗುಮ್ಮಟದ ಹಾಗೆ ಉಬ್ಬಿದ ತಟ್ಟೆ, ಅದರ ಮೇಲೆ ಮಾಂಸ, ಸುತ್ತ ಅಂಚಿನಲ್ಲಿ ಸಾರು, ಸಾರಿನಲ್ಲಿ ಸಿಹಿಗೆಣಸಿನ ಪಿಷ್ಟದ ನೂಡಲ್ಸ್. ಏರ್ ಫ್ರೈಯರ್‌ಗೂ ಒಂದು ಹಿಡಿ ಹಾಕಿ ನೋಡಿದೆ. ಒಣಗಿದ ಸೊಪ್ಪಿನ ಹಾಗಾಯಿತು.

ತಿನ್ನುವಾಗ ಲೆಟಿಸ್ ಎಲೆ, ಸ್ವಲ್ಪ ಅನ್ನ, ಸ್ಸಾಮ್‌ಜಾಂಗ್ ಎಂಬ ಸೋಯಾ-ಮೆಣಸಿನ ಗಟ್ಟಿ ಚಟ್ನಿ, ಮೇಲೊಂದು ಬೆಳ್ಳುಳ್ಳಿ ಚೂರು. ಕ್ಕೆನಿಪ್ ಎಲೆ ಸಿಕ್ಕರೆ ಬಿಡಬೇಡಿ. ಹೆಸರಿಗೆ ಎಳ್ಳಿನ ಎಲೆ, ಆದರೆ ಎಳ್ಳು ಗಿಡದ್ದಲ್ಲ, ಪೆರಿಲ್ಲಾ ಎಂಬ ಬೇರೆ ಗಿಡದ್ದು. ಪೇರ್ ಬಟ್ಟಲು ಬೆಳಗಿನ ತಿಂಡಿಗೇ ಖಾಲಿಯಾಯಿತು. ಕಿವಿ ಮುದ್ದೆಯನ್ನು ಮೊಟ್ಟೆ ಜೊತೆ ಅನ್ನಕ್ಕೆ ಹುರಿದು ಹಾಕಿದೆ. ಪೆಟ್ಟಿಗೆಯಲ್ಲಿ ಇನ್ನೂ ಏಳು ಪೇರ್ ಇವೆ.